ಒಬ್ಬರೇ ಬಂದರೆ ವಯಲ್ ತೆರೆಯಬೇಕೇ?

ಪ್ರಶ್ನೆ: 2021ರಲ್ಲಿ ಅಮ್ಮನನ್ನು ಕೋವಿಡ್ ಲಸಿಕೆಗೆ ಕರೆದುಕೊಂಡು ಹೋದಾಗ ‘ಇನ್ನೂ ಹತ್ತು ಜನ ಆಗಿಲ್ಲ, ಕೂತಿರಿ’ ಅಂದರು. ಮಧ್ಯಾಹ್ನದವರೆಗೆ ಕೂತು, ಕೊನೆಗೆ ‘ನಾಳೆ ಬನ್ನಿ’ ಅನ್ನಿಸಿಕೊಂಡು ವಾಪಸು ಬಂದೆವು. ಆಮೇಲೆ ಹೋದಾಗ ಸೂಜಿ ಚುಚ್ಚಿದ ಮೇಲೂ ಅರ್ಧ ಗಂಟೆ ಏಳಗೊಡಲಿಲ್ಲ. ಈಗ ನಮ್ಮೂರಿನ ಸಣ್ಣ ಟ್ರಸ್ಟ್ ಕ್ಲಿನಿಕ್ಕಿನ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ. ಮತ್ತೊಂದು ಸಾಂಕ್ರಾಮಿಕ ಬಂದು ನಾವೂ ಲಸಿಕೆ ಹಾಕಬೇಕಾಗಿ ಬಂದರೆ, ಈ ನಿಯಮಗಳಲ್ಲಿ ಯಾವುದನ್ನು ಬಿಗಿಯಾಗಿ ಹಿಡಿಯಬೇಕು, ಯಾವುದನ್ನು ಸಡಿಲ ಬಿಡಬಹುದು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅರ್ಧ ಗಂಟೆ ಕೂರಿಸಿದ್ದು ಸರಿ. ‘ನಾಳೆ ಬನ್ನಿ’ ಎಂದದ್ದು ಸರಿಯಲ್ಲ. ಆದರೆ ಹಾಗೆಂದ ಸಿಸ್ಟರ್ ಮೇಲೆ ಸಿಟ್ಟಾಗುವ ಮೊದಲು ಅವರ ಕೈಯಲ್ಲಿದ್ದ ಆ ಪುಟ್ಟ ಸೀಸೆಯ ಲೆಕ್ಕ ತಿಳಿಯಬೇಕು.

ಕೋವಿಶೀಲ್ಡ್‌ನ ಒಂದು ವಯಲ್‌ನಲ್ಲಿ ಇದ್ದದ್ದು 5 ಮಿಲಿಲೀಟರ್. ತಲೆಗೆ ಅರ್ಧ ಮಿಲಿಯಂತೆ ಹತ್ತು ಜನರಿಗೆ. ರಬ್ಬರ್ ಬಿರಡೆಗೆ ಮೊದಲ ಸೂಜಿ ಇಳಿದ ಗಳಿಗೆಯಿಂದ ನಾಲ್ಕು ಗಂಟೆ ಮಾತ್ರ ಅದಕ್ಕೆ ಆಯುಸ್ಸು. ಲೇಬಲ್ ಮೇಲೆ ಪೆನ್ನಿನಲ್ಲಿ ಗಂಟೆ, ನಿಮಿಷ ಬರೆದಿಡುತ್ತಿದ್ದದ್ದು ಇದಕ್ಕೇ. ನಾಲ್ಕು ಗಂಟೆ ಕಳೆದರೆ ಒಳಗೆ ಆರು ಡೋಸ್ ಉಳಿದಿದ್ದರೂ ಎಸೆಯಬೇಕು. ಕಾರಣ ಸರಳ: ಆ ಲಸಿಕೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಪ್ರಿಸರ್ವೇಟಿವ್ ಇರಲಿಲ್ಲ. ಹತ್ತು ಸಲ ಸೂಜಿ ಇಳಿಯುವ ಸೀಸೆಯೊಳಗೆ ಒಂದು ಸಲ ಕೊಳೆ ಹೋದರೂ ಸಾಕು, ಅದು ಅಲ್ಲಿ ಬೆಳೆಯುತ್ತದೆ. ಕೋವ್ಯಾಕ್ಸಿನ್‌ನಲ್ಲಿ 2-ಫಿನಾಕ್ಸಿಎಥನಾಲ್ ಎಂಬ ಪ್ರಿಸರ್ವೇಟಿವ್ ಇತ್ತು. ಆದರೂ ಅಭಿಯಾನದ ಆರಂಭದಲ್ಲಿ ಎರಡಕ್ಕೂ ಒಂದೇ ಗಡುವು.

ಇದೇನೂ ಕೋವಿಡ್‌ಗೆಂದು ಹುಟ್ಟಿದ ನಿಯಮವಲ್ಲ. ಅಂಗನವಾಡಿಯಲ್ಲಿ ಕೂಸುಗಳಿಗೆ ಲಸಿಕೆ ಹಾಕುವ ಸಿಸ್ಟರ್‌ಗಳಿಗೆ ಇದು ನಿತ್ಯದ ಪಾಠ. ಪೆಂಟಾವೇಲೆಂಟ್, ಹೆಪಟೈಟಿಸ್-ಬಿ ವಯಲ್‌ಗಳನ್ನು ತೆರೆದ ಮೇಲೂ ಸರಿಯಾದ ತಂಪಿನಲ್ಲಿಟ್ಟು ನಾಲ್ಕು ವಾರ ಬಳಸಬಹುದು. ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆಗಳನ್ನು ಕಲಸಿದ ಮೇಲೆ ನಾಲ್ಕೇ ಗಂಟೆ.

ಈ ನಿಯಮದ ಹಿಂದೆ ಸಾವುಗಳಿವೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗ್ ಲಸಿಕೆ ಹಾಕಲಾಯಿತು. ಐದು ಬಾಟಲಿ ಖರ್ಚಾದವು. ಅವುಗಳಲ್ಲಿ ಒಂದೇ ಒಂದು ಬಾಟಲಿಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಮಿಕ್ಕವರಿಗೆ ಏನೂ ಆಗಲಿಲ್ಲ. ಮುಂಬಯಿಯ ಪ್ರಯೋಗಾಲಯದಲ್ಲಿ ಆ ಲಸಿಕೆ ತಯಾರಿಸಿದ ವಾಲ್ಡೆಮರ್ ಹಾಫ್‌ಕಿನ್ ಮೇಲೆ ಆರೋಪ ಬಿದ್ದು ಹುದ್ದೆ ಹೋಯಿತು. ವರ್ಷಗಳ ಬಳಿಕ ಹೊರಬಿದ್ದ ಸಂಗತಿ ಬೇರೆಯೇ: ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ಮಣ್ಣಿಗೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಅದರಿಂದಲೇ ಬಿರಡೆ ಎಳೆದಿದ್ದರು. 1907ರಲ್ಲಿ ಹಾಫ್‌ಕಿನ್ ದೋಷಮುಕ್ತರಾದರು. ಇದೇ ಹಾಫ್‌ಕಿನ್ ಲಸಿಕೆಯನ್ನು 1898ರ ಪ್ಲೇಗಿನಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದ್ದರು. ಲಸಿಕೆ ಕೆಟ್ಟದ್ದಾಗಿರಲಿಲ್ಲ, ತೆರೆದ ಕೈ ಕೆಟ್ಟಿತ್ತು.

ಆಸ್ಟ್ರೇಲಿಯದ ಬಂಡಬರ್ಗ್ ಎಂಬ ಊರಿನಲ್ಲಿ 1928ರ ಜನವರಿಯಲ್ಲಿ ಡಿಫ್ತೀರಿಯಾ ಲಸಿಕೆ ಪಡೆದ 21 ಮಕ್ಕಳಲ್ಲಿ 12 ಮಕ್ಕಳು ತೀರಿಕೊಂಡವು. ಆ ಬಾಟಲಿಯಲ್ಲಿ ಪ್ರಿಸರ್ವೇಟಿವ್ ಇರಲಿಲ್ಲ. ಬೇಸಿಗೆಯ ಸೆಖೆಯಲ್ಲಿ ಒಮ್ಮೆ ತೆರೆದದ್ದನ್ನೇ ಕೆಲವು ದಿನ ಬಿಟ್ಟು ಮತ್ತೆ ಬಳಸಿದ್ದರು. ಎಲ್ಲೋ ದೂರದ, ಎಂದೋ ಹಳೆಯ ಕತೆ ಅನ್ನಿಸಿದರೆ, 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ನಂತರ ಮೂರು ಕೂಸುಗಳು ಸತ್ತ ಸುದ್ದಿಯನ್ನು ನೀವೂ ಓದಿರುತ್ತೀರಿ. ಲಸಿಕೆಯನ್ನು ಹೋಟೆಲೊಂದರ ಫ್ರಿಜ್‌ನಲ್ಲಿ ಇಟ್ಟಿದ್ದರೆಂದು ಆಗ ವರದಿಯಾಗಿತ್ತು.

ಹಾಗಾಗಿ ನಾಲ್ಕು ಗಂಟೆಯ ಗಡುವನ್ನು ಯಾರ ಮುಲಾಜಿಗೂ ಸಡಿಲಿಸಬೇಡಿ. ‘ಐದೇ ನಿಮಿಷ ಜಾಸ್ತಿ ಆಗಿದೆ ಸಿಸ್ಟರ್, ನಮ್ಮ ಮಾವನೊಬ್ಬರಿಗೆ ಹಾಕಿಬಿಡಿ’ ಎಂದು ಊರಿನ ದೊಡ್ಡವರು ಬಂದು ನಿಲ್ಲುತ್ತಾರೆ. ಆಗ ಸಿಸ್ಟರ್ ಬೆನ್ನಿಗೆ ನಿಲ್ಲಬೇಕಾದವರು ನೀವು. ಎರಡು ವಯಲ್‌ಗಳ ತಳದಲ್ಲಿ ಉಳಿದದ್ದನ್ನು ಸೇರಿಸಿ ಒಂದು ಡೋಸ್ ಮಾಡುವುದೂ ಬೇಡ. ಅದೇ ಒಂದು ವಯಲ್‌ನಲ್ಲೇ ಪೂರ್ತಿ ಅರ್ಧ ಮಿಲಿಯ ಹನ್ನೊಂದನೆಯ ಡೋಸ್ ಸಿಕ್ಕಿದರೆ ಬಳಸಬಹುದು. ತಯಾರಕರು ತುಸು ಹೆಚ್ಚೇ ತುಂಬಿರುತ್ತಾರೆ. 2021ರಲ್ಲಿ ಕೇರಳದ ನರ್ಸ್‌ಗಳು ಹೀಗೆ ಹನಿ ಹನಿ ಉಳಿಸಿ, ಕೇಂದ್ರ ಕಳಿಸಿದ್ದಕ್ಕಿಂತ ಹೆಚ್ಚು ಜನರಿಗೆ ಲಸಿಕೆ ಹಾಕಿ ತೋರಿಸಿದರು.

ಇನ್ನು ಹತ್ತು ಜನರ ಮಾತು. ಇದನ್ನು ಖಂಡಿತ ಸಡಿಲಿಸಬಹುದು, ಸಡಿಲಿಸಲೇಬೇಕು. ಲಸಿಕೆ ಪೂರೈಕೆಯ ಲೆಕ್ಕದಲ್ಲೇ ನೂರಕ್ಕೆ ಹತ್ತರಷ್ಟು ವ್ಯರ್ಥವಾಗಬಹುದೆಂದು ಸರಕಾರ ಮೊದಲೇ ಅಂದಾಜು ಹಾಕಿತ್ತು. ಆದರೆ 2021ರ ವಸಂತದಲ್ಲಿ ಲಸಿಕೆ ಸಾಲದೆ ಬಂದಾಗ ಯಾವ ರಾಜ್ಯ ಎಷ್ಟು ವ್ಯರ್ಥ ಮಾಡಿತು ಎಂಬುದೇ ದೊಡ್ಡ ಸುದ್ದಿಯಾಯಿತು. ರಾಜ್ಯ ಜಿಲ್ಲೆಯನ್ನು ಕೇಳಿತು, ಜಿಲ್ಲೆ ತಾಲ್ಲೂಕನ್ನು ಕೇಳಿತು, ಕೊನೆಗೆ ಆ ಪ್ರಶ್ನೆ ಬಂದು ನಿಂತದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಮುಂದೆ. ಎಸೆದ ಡೋಸ್‌ಗೆ ರಿಜಿಸ್ಟರ್‌ನಲ್ಲಿ ಒಂದು ಕಾಲಂ ಇತ್ತು. ಬಸ್ ಹಿಡಿದು ಬಂದು ಬರಿಗೈಯಲ್ಲಿ ತಿರುಗಿಹೋದ ಮುದುಕಿಗೆ ಯಾವ ಕಾಲಂ ಇತ್ತು? ನನ್ನನ್ನು ಕೇಳಿದರೆ, ಸಾಂಕ್ರಾಮಿಕ ಏರುತ್ತಿರುವಾಗ ಅಪಾಯದ ವಯಸ್ಸಿನವರೊಬ್ಬರು ಬಂದು ಕೂತಿದ್ದರೆ, ಸ್ವಲ್ಪ ಹೊತ್ತು ಕಾದು, ಅವರೊಬ್ಬರಿಗಾಗಿಯೇ ವಯಲ್ ತೆರೆಯಬೇಕು. ಮಕ್ಕಳ ದಡಾರ ಲಸಿಕೆಗೆ ನಮ್ಮಲ್ಲಿ ಇರುವ ಸೂಚನೆಯೂ ಇದೇ: ಒಂದೇ ಮಗು ಬಂದರೂ ತೆರೆಯಿರಿ.

ವ್ಯರ್ಥ ತಗ್ಗಿಸಲು ಬೇರೆ ದಾರಿಗಳಿವೆ. ಲಸಿಕೆಯ ಹೊತ್ತನ್ನು ಊರಿಗೆ ಬರುವ ಬಸ್ಸಿನ ವೇಳೆಗೆ ಹೊಂದಿಸಿ. ತೀರ್ಥಹಳ್ಳಿಯಂಥ ಕಡೆ ಜನ ಒಂಟಿ ಮನೆಗಳಿಂದ ಬರುತ್ತಾರೆ, ಒಂದು ಬಸ್ ತಪ್ಪಿದರೆ ದಿನವೇ ಹೋಯಿತು. ಕ್ಲಿನಿಕ್ಕಿನಿಂದ ಕಾಲು ಗಂಟೆಯಲ್ಲಿ ಬಂದು ಮುಟ್ಟಬಲ್ಲವರ ಫೋನ್ ನಂಬರಿನ ಒಂದು ಪಟ್ಟಿ ಇಡಿ. ತೆರೆದ ವಯಲ್‌ನಲ್ಲಿ ಮೂರು ಡೋಸ್ ಮಿಕ್ಕಿ ಗಡುವಿಗೆ ಒಂದು ಗಂಟೆ ಇದೆ ಅನ್ನುವಾಗ ಆ ಪಟ್ಟಿಯ ಕ್ರಮದಲ್ಲೇ ಕರೆ ಮಾಡಿ. ಪಟ್ಟಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಇಲ್ಲದಿದ್ದರೆ ಟ್ರಸ್ಟಿಗಳ ನೆಂಟರಿಷ್ಟರ ಪಟ್ಟಿಯಾಗಲು ವಾರವೂ ಬೇಡ. ನಡೆಯಲಾರದವರ ಮನೆಗೆ ನೀವೇ ಹೋಗಬಹುದು. 2021ರ ನವೆಂಬರ್‌ನಲ್ಲಿ ಮನೆ ಮನೆಗೆ ಲಸಿಕೆ ಒಯ್ಯುವ ಅಭಿಯಾನ ನಡೆದಾಗ ಆಶಾ ಕಾರ್ಯಕರ್ತೆಯರು ದಾರಿ ತೋರಿಸಿದ್ದರಿಂದಲೇ ಸಿಸ್ಟರ್‌ಗಳು ಗದ್ದೆ ಬದು, ಕಾಡುದಾರಿ ದಾಟಿ ಹೋದರು. ಯಾರ ಮನೆಯ ಹಿತ್ತಲಲ್ಲಿ ಯಾವ ಅಜ್ಜ ಹಾಸಿಗೆ ಹಿಡಿದಿದ್ದಾರೆ ಎಂಬುದು ಯಾವ ಆ್ಯಪ್‌ಗೂ ಗೊತ್ತಿರಲಿಲ್ಲ.

ತಂಪಿನ ವಿಷಯಕ್ಕೆ ಬರೋಣ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕೆಂದು ಎಲ್ಲರಿಗೂ ಗೊತ್ತು. ಬಿಸಿಯಾದರೆ ಕೆಡುತ್ತದೆ ಎಂಬ ಭಯವೂ ಇದೆ. ಆದರೆ ಹೆಪ್ಪುಗಟ್ಟಿದರೆ ಕೆಡುತ್ತದೆ ಎಂಬುದು ಎಷ್ಟೋ ಕ್ಲಿನಿಕ್ಕುಗಳಲ್ಲಿ ತಲೆಗೇ ಹೋಗುವುದಿಲ್ಲ. ಕೋವ್ಯಾಕ್ಸಿನ್, ಹೆಪಟೈಟಿಸ್-ಬಿಯಂಥ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಅದರ ಕಣಗಳು ಗಂಟುಕಟ್ಟಿ, ಲಸಿಕೆಯ ಶಕ್ತಿ ಕುಂದುತ್ತದೆ. ಮತ್ತೆ ತಂಪು ಮಾಡಿಟ್ಟರೆ ಸರಿಹೋಗುವ ಕೆಡುಕಲ್ಲ ಅದು. ಆದ್ದರಿಂದ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ನೇರವಾಗಿ ಲಸಿಕೆ ಕ್ಯಾರಿಯರ್‌ಗೆ ಇಡಬಾರದು. ಮೇಜಿನ ಮೇಲೆ ಬಿಟ್ಟು, ಹೊರಮೈ ಬೆವರಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿಸಿದ ಮೇಲೆ ಇಡಬೇಕು. ಬೆಳಗಿನ ಗಡಿಬಿಡಿಯಲ್ಲಿ ಮೊದಲು ಕೈಬಿಡುವ ಹೆಜ್ಜೆ ಇದೇ.

ಸರಕಾರಿ ಕೇಂದ್ರಗಳಲ್ಲಿರುವ ಐಎಲ್‌ಆರ್ (ಐಸ್-ಲೈನ್ಡ್ ರೆಫ್ರಿಜರೇಟರ್) ಎಂಬ ಲಸಿಕೆ ಫ್ರಿಜ್‌ಗೆ ಬಾಗಿಲು ಮೇಲ್ಗಡೆ ಇರುತ್ತದೆ. ತಣ್ಣನೆ ಗಾಳಿ ಭಾರ, ಮೇಲಿನಿಂದ ತೆರೆದರೆ ಅದು ಹೊರಗೆ ಸುರಿಯುವುದಿಲ್ಲ. ಗೋಡೆಯೊಳಗಿನ ಮಂಜಿನ ಪದರದಿಂದಾಗಿ ಕರೆಂಟು ಹೋದರೂ ಅದು ಬಹಳ ಹೊತ್ತು ತಡೆಯುತ್ತದೆ, ಮುಚ್ಚಳ ತೆರೆಯದಿದ್ದರೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ನಿಮ್ಮೂರಿಗೆ ಮನೆಬಳಕೆಯ ಫ್ರಿಜ್ ಭರವಸೆಯದಲ್ಲ. ಆಯಾ ದಿನಕ್ಕೆ ಬೇಕಾದಷ್ಟನ್ನು ಹತ್ತಿರದ ಆರೋಗ್ಯ ಕೇಂದ್ರದಿಂದ ಕ್ಯಾರಿಯರ್‌ನಲ್ಲಿ ತಂದು, ತೆರೆಯದ ವಯಲ್‌ಗಳನ್ನು ಸಂಜೆ ಹಿಂದಿರುಗಿಸುವ ಏರ್ಪಾಡು ಮಾಡಿಕೊಳ್ಳಿ. ಫ್ರಿಜ್‌ನಲ್ಲೇ ಇಡಬೇಕಾಗಿ ಬಂದರೆ ಬಾಗಿಲಿನ ಅರೆಯಲ್ಲೂ ಬೇಡ, ಫ್ರೀಜರ್‌ಗೆ ತಾಗಿಯೂ ಬೇಡ, ನಡುವಿನ ತಟ್ಟೆಯಲ್ಲಿರಲಿ. ಒಳಗೆ ಥರ್ಮಾಮೀಟರ್, ದಿನಕ್ಕೆರಡು ಬಾರಿ ಅಂಕಿ ಬರೆಯುವ ಹಾಳೆ. ಡಾಕ್ಟರ ಮಜ್ಜಿಗೆ ಪಾತ್ರೆಗೆ ಬೇರೆ ಫ್ರಿಜ್ ಹುಡುಕಿ.

ಅರ್ಧ ಗಂಟೆಯ ಕತೆ ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿಯದು. ತೀರಾ ಅಪರೂಪ. ಆದರೆ ಆಗುವುದಿದ್ದರೆ ಬಹುಪಾಲು ಈ ಅವಧಿಯಲ್ಲೇ ಆಗುತ್ತದೆ. 2021ರ ಜೂನ್‌ನಲ್ಲಿ ಕೇಂದ್ರದ ಪರಿಶೀಲನಾ ಸಮಿತಿ ಲಸಿಕೆಯಿಂದಲೇ ಆದ ಸಾವು ಎಂದು ಮೊದಲ ಬಾರಿಗೆ ಒಪ್ಪಿಕೊಂಡದ್ದು ಅನಾಫಿಲ್ಯಾಕ್ಸಿಸ್‌ನಿಂದ ಸತ್ತ ಹಿರಿಯರೊಬ್ಬರ ಪ್ರಕರಣವನ್ನು. ಇದಕ್ಕೆ ಮದ್ದು ಒಂದೇ: ಅಡ್ರಿನಲಿನ್. ವಯಸ್ಕರಿಗೆ 1 ಮಿಲಿಯಲ್ಲಿ 1 ಮಿಲಿಗ್ರಾಂ ಇರುವ ಔಷಧದ ಅರ್ಧ ಮಿಲಿ, ತೊಡೆಯ ಹೊರಬದಿಯ ನಡುಭಾಗದ ಸ್ನಾಯುವಿಗೆ, ತಡಮಾಡದೆ. ನಮ್ಮ ಕ್ಲಿನಿಕ್ಕುಗಳಲ್ಲಿ ಅಲರ್ಜಿ ಎಂದಕೂಡಲೇ ಕೈ ಹೋಗುವುದು ಅವಿಲ್ ಕಡೆಗೆ. ಅವಿಲ್ ತುರಿಕೆ ಕಡಿಮೆ ಮಾಡೀತು, ಮುಚ್ಚುತ್ತಿರುವ ಉಸಿರುದಾರಿಯನ್ನು ತೆರೆಯಲಾರದು. ಅಡ್ರಿನಲಿನ್ ಆ್ಯಂಪುಲ್, ಸಿರಿಂಜ್, ಪ್ರಮಾಣ ಬರೆದ ಚೀಟಿ ಮೂರೂ ಒಂದೇ ಡಬ್ಬಿಯಲ್ಲಿ, ಕೈಗೆಟಕುವಂತಿರಲಿ. ಕಪಾಟಿಗೆ ಬೀಗ ಹಾಕಿ ಬೀಗದ ಕೈ ಡಾಕ್ಟರ ಜೇಬಿನಲ್ಲಿದ್ದರೆ ಆ ಡಬ್ಬಿ ಇದ್ದೂ ಇಲ್ಲದಂತೆ. ಹತ್ತಿರದ ಆ್ಯಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಡಿ.

ನೀವು ಹೆಚ್ಚು ನೋಡಲಿರುವುದು ಇದನ್ನಲ್ಲ, ಬರೀ ತಲೆಸುತ್ತನ್ನು. ಸೂಜಿಯ ಹೆದರಿಕೆ, ಖಾಲಿ ಹೊಟ್ಟೆ, ಸೆಖೆ ಸೇರಿ ಜನ ಕುಸಿಯುತ್ತಾರೆ, ಅದರಲ್ಲೂ ಹರೆಯದವರು. ಮುಖ ಬಿಳಿಚಿ, ನಾಡಿ ನಿಧಾನವಾಗಿ, ಮಲಗಿಸಿ ಕಾಲೆತ್ತಿ ಹಿಡಿದರೆ ಚೇತರಿಸಿಕೊಂಡರೆ ಅದು ತಲೆಸುತ್ತು. ಮೈ ಮೇಲೆ ದದ್ದು, ಗೊರಗೊರ ಉಸಿರು, ತುಟಿ ಊದುವುದು, ನಾಡಿ ಓಡುವುದು ಅನಾಫಿಲ್ಯಾಕ್ಸಿಸ್. ಕುಸಿದವರನ್ನು ಮಲಗಿಸುವ ಮಂಚ ಸಾಲಿನಲ್ಲಿ ನಿಂತವರ ಕಣ್ಣಿಗೆ ಬೀಳದಿರಲಿ. ಕಾಲೇಜಿನಲ್ಲಿ ಲಸಿಕೆ ಹಾಕುವಾಗ ಒಬ್ಬಳು ಬಿದ್ದದ್ದನ್ನು ನೋಡಿ ನಾಲ್ವರು ಬೀಳುವುದು ಹೊಸತಲ್ಲ.

ಜನಸಂದಣಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡನೆಯ ಅಲೆಯಲ್ಲಿ ಒಂದೇ ಆವರಣದಲ್ಲಿ ಒಂದು ಕಡೆ ಗಂಟಲ ದ್ರವ ಕೊಡುವವರ ಸಾಲು, ಇನ್ನೊಂದು ಕಡೆ ಲಸಿಕೆಯ ಸಾಲು ಇದ್ದದ್ದನ್ನು ಎಲ್ಲರೂ ಕಂಡಿದ್ದೇವೆ. ಲಸಿಕೆ ಪಡೆಯಲು ಬಂದವರು ರೋಗ ಹೊತ್ತು ಹೋಗಬಾರದು. ಕ್ಲಿನಿಕ್ ಬಿಟ್ಟು ಶಾಲೆಗೋ ಸಮುದಾಯ ಭವನಕ್ಕೋ ಲಸಿಕೆಯನ್ನು ಸಾಗಿಸಿ. ಒಂದು ಬಾಗಿಲಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಕಾಯುವ ಜಾಗ ಜಗುಲಿಯಲ್ಲೋ ಮರದ ಕೆಳಗೋ ಇರಲಿ.

ಕೊನೆಗೊಂದು ಎಚ್ಚರ, ಎರಡು ಬಗೆಯ ಲಸಿಕೆ ನಿಮ್ಮ ಕೈಗೆ ಬಂದರೆ. 2021ರ ಮೇ ತಿಂಗಳಲ್ಲಿ ಉತ್ತರಪ್ರದೇಶದ ಸಿದ್ಧಾರ್ಥನಗರ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೊದಲು ಕೋವಿಶೀಲ್ಡ್ ಪಡೆದಿದ್ದ ಸುಮಾರು 20 ಜನರಿಗೆ ಎರಡನೆಯ ಬಾರಿ ಕೋವ್ಯಾಕ್ಸಿನ್ ಹಾಕಿಬಿಟ್ಟರು. ಅವರಲ್ಲಿ 18 ಜನರನ್ನು ಪರೀಕ್ಷಿಸಿದ ಐಸಿಎಂಆರ್ ವಿಜ್ಞಾನಿಗಳಿಗೆ ಅಪಾಯವೇನೂ ಕಾಣಲಿಲ್ಲ, ಆ್ಯಂಟಿಬಾಡಿ ಪ್ರಮಾಣ ಚೆನ್ನಾಗಿಯೇ ಇತ್ತು. ಆದರೆ ಪ್ರತಿಸಲವೂ ಅದೃಷ್ಟ ಹಾಗೆಯೇ ಇರುತ್ತದೆಂದು ನಂಬಿ ಕೂರುವಂತಿಲ್ಲ. ಸೋಮವಾರ ಒಂದು ಲಸಿಕೆ, ಗುರುವಾರ ಇನ್ನೊಂದು ಎಂದು ದಿನವನ್ನೇ ಬೇರೆ ಮಾಡಿ. ಸೂಜಿ ಚುಚ್ಚುವ ಮೊದಲು ಹಳೆಯ ಕಾರ್ಡ್ ನೋಡಿ, ಲಸಿಕೆಯ ಹೆಸರನ್ನು ಬಂದವರಿಗೆ ಕೇಳುವಂತೆ ಗಟ್ಟಿಯಾಗಿ ಓದಿ. ವಯಲ್ ಮೇಲಿನ ಬ್ಯಾಚ್ ನಂಬರನ್ನು ಕಾರ್ಡ್‌ನಲ್ಲೂ ರಿಜಿಸ್ಟರ್‌ನಲ್ಲೂ ಬರೆಯಿರಿ. ಒಂದು ಬ್ಯಾಚಿನ ಮೇಲೆ ದೂರು ಬಂದರೆ ಯಾರ ಮನೆಗೆ ಹೋಗಿ ವಿಚಾರಿಸಬೇಕೆಂದು ತಿಳಿಯುವುದು ಅದರಿಂದಲೇ. ಮುಂದಿನ ಡೋಸ್‌ನ ತಾರೀಕನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಕಾರ್ಡ್ ಮೇಲೆ ದಪ್ಪಕ್ಷರದಲ್ಲಿ ಕನ್ನಡದಲ್ಲೇ ಬರೆದುಕೊಡಿ. ಕೋವಿಶೀಲ್ಡ್‌ನ ಅಂತರ ನಾಲ್ಕು ವಾರದಿಂದ ಆರರಿಂದ ಎಂಟಕ್ಕೆ, ಅಲ್ಲಿಂದ ಹನ್ನೆರಡರಿಂದ ಹದಿನಾರಕ್ಕೆ ನಾಲ್ಕೇ ತಿಂಗಳಲ್ಲಿ ಬದಲಾಯಿತು. ಹಾಗೆ ಬದಲಾದ ದಿನ, ಹಳೆಯ ತಾರೀಕು ಹಿಡಿದುಕೊಂಡು ಹೊರಡಲಿರುವವರಿಗೆ ಫೋನ್ ಮಾಡಿ ತಿಳಿಸುವ ಕೆಲಸವನ್ನು ಕ್ಲಿನಿಕ್ಕಿನ ಒಬ್ಬರಿಗೆ ಹೆಸರಿಟ್ಟು ವಹಿಸಿ.