ಭೀಮೆಯ ಹಿನ್ನೀರಿನಲ್ಲಿ ತಾಯಿಯ ಹುಟ್ಟುಹಬ್ಬ

ತಾಯಿಯ ಅರುವತ್ತನೆಯ ಹುಟ್ಟುಹಬ್ಬವನ್ನು ಮಹಾರಾಷ್ಟ್ರದ ಇಂದಾಪುರದಲ್ಲಿ ನೀರಿನ ಮೇಲೆ ಆಚರಿಸಬಯಸುವ ಓದುಗರು, ಭೋಜನ-ಸಂಗೀತಗಳ ವಿಹಾರನೌಕೆಯನ್ನಲ್ಲ, ಸ್ಥಳೀಯ ಮೀನುಗಾರರ ಚಿಕ್ಕ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜಿಸುವುದು ಒಳಿತು. ಉಜನಿ ಅಣೆಕಟ್ಟು ಭೀಮಾನದಿಯನ್ನು ತಡೆದುದರಿಂದ ಹಿಂದಕ್ಕೆ ಹರಡಿ ನಿಂತ ನೀರು, ಅಂದರೆ ಹಿನ್ನೀರು, ಚಳಿಗಾಲದಲ್ಲಿ ಭಿಗವಣದ ಬಳಿ ಫ್ಲೆಮಿಂಗೊ ಎಂಬ ನೀಳಗಾಲಿನ ಗುಲಾಬಿ ಛಾಯೆಯ ಹಕ್ಕಿಗಳನ್ನು ಸೆಳೆಯುತ್ತದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಪಳಸದೇವ ಗ್ರಾಮದ ಮುಳುಗಿದ ಪುರಾತನ ದೇಗುಲವೇ ಶಿಖರ, ಕಂಬಗಳ ಸಮೇತ ಹೊರಬರುವುದರಿಂದ, ಇತಿಹಾಸಪ್ರಿಯ ತಾಯಿಗೆ ಆ ಕಾಲವೇ ಹೆಚ್ಚು ಒಪ್ಪುತ್ತದೆ. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆಯ ನೆನಪುಳ್ಳ ಇಂದಾಪುರ ಪಟ್ಟಣವನ್ನು ಆಮೇಲೆ ನೋಡಬಹುದು. ಆದರೆ ಇದೇ ಹಿನ್ನೀರಿನಲ್ಲಿ 2024ರ ಮೇ ತಿಂಗಳ ಒಂದು ಸಂಜೆ ಕುಗಾಂವ್‌ನಿಂದ ಕಳಶಿಗೆ ಬರುತ್ತಿದ್ದ ದೋಣಿ ಬಿರುಗಾಳಿಗೆ ಮಗುಚಿ ಆರು ಮಂದಿ ಮೃತಪಟ್ಟರು. ಆದ್ದರಿಂದ ಬೇಸಿಗೆಯ ಸಂಜೆ ನೀರಿಗಿಳಿಯದೆ, ಬೆಳಿಗ್ಗೆಯೇ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದ್ದರಷ್ಟೇ ದೋಣಿ ಹತ್ತಬೇಕು.