ಮರಿಮೀನಿನ ಉಸಿರು: ದೇಹದ ಗಾತ್ರ ಮತ್ತು ಕೋಶಶಕ್ತಿ

ಧಾರೂರಿನ ಸಮೀಪದ ಕೋಟಪಲ್ಲಿ ಜಲಾಶಯದಂತಹ ನೀರಿಗೆ ಮೀನುಮರಿಗಳನ್ನು ಸಾಗಿಸುವಾಗ ಚೀಲದಲ್ಲಿ ನೀರಿಗಿಂತ ಆಮ್ಲಜನಕಕ್ಕೇ ಹೆಚ್ಚು ಜಾಗ ಬಿಡುವುದು ವಾಡಿಕೆ. ಇದರ ಕಾರಣವನ್ನು ವಿದ್ಯಾರ್ಥಿಗಳಿಂದಲೇ ಹೊರಡಿಸಬಹುದು.

ಕೋಶದ ಮೈಟೊಕಾಂಡ್ರಿಯಗಳು ಆಮ್ಲಜನಕದ ನೆರವಿನಿಂದ ಆಹಾರವನ್ನು ಉತ್ಕರ್ಷಿಸಿ ಎಟಿಪಿ ತಯಾರಿಸುತ್ತವೆ. ಆದುದರಿಂದ ಪ್ರಾಣಿ ಬಳಸುವ ಆಮ್ಲಜನಕವು ಅದರ ಶಕ್ತ್ಯುತ್ಪಾದನೆಯ ಅಳತೆಗೋಲು. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಸ್ತನಿ ಹಾಗೂ ಪಕ್ಷಿಗಳಲ್ಲಿ ಶಕ್ತಿವ್ಯಯವು ತೂಕದ ಸುಮಾರು ಮುಕ್ಕಾಲು ಘಾತಕ್ಕೆ ಅನುಗುಣವಾಗಿದೆಯೆಂದು ತೋರಿಸಿದರು. ಮೀನು, ಕಪ್ಪೆ, ಹಲ್ಲಿಗಳಲ್ಲಿ ಈ ಘಾತಾಂಕ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಆದರೂ ಸಾಮಾನ್ಯವಾಗಿ 1ಕ್ಕಿಂತ ಕಡಿಮೆಯೇ.

ಮುಕ್ಕಾಲೆಂದೇ ಹಿಡಿಯೋಣ. 800 ಗ್ರಾಂ ತೂಕದ ರೋಹು 50 ಗ್ರಾಂ ಮರಿಗಿಂತ 16 ಪಟ್ಟು ಭಾರ. 16ರ ವರ್ಗಮೂಲವನ್ನು ಎರಡು ಸಲ ತೆಗೆದರೆ 2. ಅದರ ಘನ 8. ಎಂದರೆ ದೊಡ್ಡ ಮೀನು ಬಳಸುವ ಆಮ್ಲಜನಕ 8 ಪಟ್ಟು ಮಾತ್ರ. ಅದೇ 800 ಗ್ರಾಂ ತೂಗುವ 16 ಮರಿಗಳಿಗೆ ಅದರ ಎರಡರಷ್ಟು ಬೇಕು. ಒಂಬತ್ತನೆಯ ತರಗತಿಯವರು ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ತಾವೇ ಮಾಡಬಲ್ಲರು.

ಹೀಗೇಕೆ ಎಂಬಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ದೇಹದ ಮೇಲ್ಮೈ ಕಾರಣವೆನ್ನುವವರುಂಟು, ರಕ್ತನಾಳಗಳ ಜಾಲವೆನ್ನುವವರೂ ಉಂಟು. ಪರೀಕ್ಷೆಯ ಅನುಕೂಲಕ್ಕೆಂದು ಒಂದನ್ನೇ ಉತ್ತರವಾಗಿ ಬರೆಸುವುದು ಸಲ್ಲದು.

ಉಷ್ಣತೆಯನ್ನೂ ಮರೆಯಬಾರದು. ನೀರು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಮೀನಿನ ಆಮ್ಲಜನಕದ ಬೇಡಿಕೆ ಸುಮಾರು ಎರಡು ಮೂರು ಪಟ್ಟಾಗುತ್ತದೆ. ಬಿಸಿನೀರಿನಲ್ಲಿ ಕರಗುವ ಆಮ್ಲಜನಕವೋ ಕಡಿಮೆ. ಮರಿಗಳನ್ನು ತಂಪುಹೊತ್ತಿನಲ್ಲಿ ಸಾಗಿಸುವುದು ಇದಕ್ಕಾಗಿಯೇ.

‘ಶೀತರಕ್ತ’ ಎಂಬ ಪದವೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ತಾಂಡೂರಿನ ಕಲ್ಲುಚಪ್ಪಡಿಯ ಮೇಲೆ ಬಿಸಿಲು ಕಾಯಿಸುವ ಓತಿಕೇತದ ರಕ್ತ ಆ ಹೊತ್ತಿಗೆ ನಮ್ಮ ರಕ್ತದಷ್ಟೇ ಬೆಚ್ಚಗಿರಬಹುದು.