ಹಳೆಯ ಬಾಗಿಲಿನ ಚಿಲಕ

ಮುಂಬಯಿಯಲ್ಲಿ ಹಳೆಯ ಚಾಳುಗಳನ್ನು ಕೆಡವುವಾಗ ಬಾಗಿಲುಗಳ ಚಿಲಕ, ಅಗುಳಿ, ಹಿಡಿಕೆಗಳು ಗುಜರಿಗೆ ಸೇರುತ್ತವೆ. ಕೆಲವು ಕುಲುಮೆಯಲ್ಲಿ ಕರಗುತ್ತವೆ. ಕೆಲವು ಚೋರ್ ಬಜಾರಿನ ಅಂಗಡಿಗಳ ಮೂಲಕ ಹಳೆಯ ಮನೆಗಳ ದುರಸ್ತಿಗೆ ಒದಗುತ್ತವೆ. ಇವುಗಳನ್ನು ಗುರುತಿಸಿ ಕಾಪಾಡುವ ಬಗೆಯನ್ನು ನಾವು ಅರಿಯೋಣ.

ಮೊದಲನೆಯದು ಪರೀಕ್ಷೆ. ಅಯಸ್ಕಾಂತವು ಕಬ್ಬಿಣವನ್ನು ಸೆಳೆಯುತ್ತದೆ. ತಾಮ್ರ ಮತ್ತು ಸತುವುಗಳ ಮಿಶ್ರಣವಾದ ಹಿತ್ತಾಳೆಯನ್ನು ಸೆಳೆಯದು. ಹಳದಿಯಾಗಿ ಹೊಳೆಯುವ ಹಿಡಿಕೆಯನ್ನು ಅದು ಬಲವಾಗಿ ಸೆಳೆದರೆ, ಒಳಗಿರುವುದು ಕಬ್ಬಿಣ, ಹೊರಗಿನದು ಬರಿಯ ಲೇಪ.

ಎರಡನೆಯದು ಶುದ್ಧಿ. ನಮ್ಮ ತಾಯಂದಿರು ಹಿತ್ತಾಳೆಯ ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ತಿಕ್ಕುವುದನ್ನು ಕಂಡಿದ್ದೇವೆ. ಅದರ ಆಮ್ಲವು ಕಿಲುಬನ್ನು ಕರಗಿಸುತ್ತದೆ. ಅನಂತರ ಚೆನ್ನಾಗಿ ತೊಳೆದು ಒರೆಸಬೇಕು. ಉಳಿದ ಆಮ್ಲವು ಲೋಹವನ್ನು ಕೆಡಿಸುತ್ತದೆ. ಉಜ್ಜುಕಾಗದವನ್ನು ಬಳಸಿದರೆ ಕೆತ್ತನೆಯೇ ಸವೆದುಹೋದೀತು.

ಮೂರನೆಯದು ಜೋಡಣೆ. ಹಿತ್ತಾಳೆಯ ಚಿಲಕಕ್ಕೆ ಹಿತ್ತಾಳೆಯ ತಿರುಪುಮೊಳೆಯೇ ತಕ್ಕುದು. ಕಬ್ಬಿಣದ ಮೊಳೆಯನ್ನು ಹಾಕಿದರೆ, ಕಡಲ ಗಾಳಿಯ ಉಪ್ಪು ಮತ್ತು ತೇವದಿಂದ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ಕೋಶವೊಂದು ಏರ್ಪಟ್ಟು, ಕಬ್ಬಿಣವು ಬೇಗನೆ ತುಕ್ಕು ಹಿಡಿಯುತ್ತದೆ. ಚಿಲಕವು ಗಟ್ಟಿಯಾಗಿದ್ದರೂ ಮೊಳೆ ಸವೆದು ಕಳಚಿ ಬೀಳುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಚಾಳನ್ನು ಕೆಡವುವ ಸರದಿ ಬಂದರೆ, ಹಿರಿಯರ ಒಪ್ಪಿಗೆ ಪಡೆದು ಚಿಲಕವನ್ನು ಅದರ ಮೊಳೆಗಳೊಡನೆ ಬಿಚ್ಚಿಸಿ ಇರಿಸಿಕೊಳ್ಳಿರಿ. ಕೆಡವಿದ ಮನೆಯನ್ನು ನಾವು ಮರಳಿ ತರಲಾರೆವು. ಅದರ ಚಿಲಕವಾದರೋ ಇನ್ನೊಂದು ಬಾಗಿಲನ್ನು ಕಾಯಬಲ್ಲದು.